ಎರಡು ಡ್ರಾಯರಿನ ದುಂಬಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10
ಮ್ಯೂಸಿಯಂ, ಕೀಟ ವಿಭಾಗ. ದುಂಬಿ ಸಾಕುವ ಡಬ್ಬಿಗಳಿಗೆ ನೀರು ಚಿಮುಕಿಸಿದೆ. ನಾಲ್ಕನೆಯದರಲ್ಲಿ ಮೊದಲ ದುಂಬಿ ಹೊರಬಂದಿದೆ. ಮೊಟ್ಟೆಯಿಟ್ಟ ತಾಯಿ ಕಂದು, ಕೊಂಬಿಲ್ಲದ್ದು. ನನಗೆ ಈ ಕಸುಬು ಕಲಿಸಿದ ಮೇಷ್ಟ್ರು ನಲವತ್ತು ವರ್ಷದ ಹಿಂದೆ ಹೊಸ ಪ್ರಭೇದವೆಂದು ಪ್ರಕಟಿಸಿ, ಹೆಂಡತಿಯ ಹೆಸರಿಟ್ಟ ದುಂಬಿ. ಜೀವಮಾನದಲ್ಲಿ ಅವರು ಹೆಸರಿಟ್ಟದ್ದು ಅದೊಂದಕ್ಕೇ.
ಮರಿಯೋ — ಕಪ್ಪು. ಮೇಲೆ ಕೊಂಬು ಬೇರೆ.
ಲೇಬಲ್ ಅದಲುಬದಲಾಗಿರಬೇಕು. ಮಾದರಿಗಳಿಗೆ ಪಿನ್ ಚುಚ್ಚುವ ನಮ್ಮ ಸಹಾಯಕ ಪಿನ್ನಪ್ಪನನ್ನು ಕೇಳಿದೆ.
“ಎಲ್ಲಾ ನನ್ನ ತಲೆಗೇ ಕಟ್ಟಬೇಡಿ ಮೇಡಂ. ಡಬ್ಬಿಗೆ ಟೇಪ್ ಹಾಕಿದ್ದು ನೀವೇ.”
ನಿಜ. ಟೇಪಿನ ಮೇಲೆ ನನ್ನದೇ ಸಹಿ.

ಮಾರ್ಚ್ 5, ಬುಧವಾರ
ಎರಡನೆಯದು ಕಂದು. ಮೂರನೆಯದು ಕಪ್ಪು, ಕೊಂಬು. ತಾಯಿ ಒಂದೇ. ಲೇಬಲ್ ಸರಿಯಾಗಿಯೇ ಇದೆ.
ಪಿನ್ನಪ್ಪ ಬಗ್ಗಿ ನೋಡಿದ. “ಅಣ್ಣನಿಗೆ ಕೊಂಬು, ತಂಗಿಗಿಲ್ಲ. ನಮ್ಮನೇಲಿ ಉಲ್ಟಾ.”
ನಗಬಾರದಿತ್ತು. ನಕ್ಕೆ. ಆಮೇಲೆ ಡ್ರಾಯರ್‌ಗಳನ್ನು ತೆಗೆದು ನೋಡಿದೆ. ಕಪ್ಪು ದುಂಬಿಗೆ ತೊಂಬತ್ತು ವರ್ಷ ಹಳೆಯ ಹೆಸರಿದೆ. ಹನ್ನೊಂದು ಮಾದರಿ, ಹನ್ನೊಂದೂ ಗಂಡು. ಮೇಷ್ಟ್ರದ್ದು ಮೂರು — ಮೂರೂ ಹೆಣ್ಣು. ಅಕ್ಕಪಕ್ಕದ ಡ್ರಾಯರ್. ಜೊತೆಗಿಟ್ಟು ಯಾರೂ ನೋಡಿಲ್ಲ. ಹತ್ತು ವರ್ಷದಿಂದ ಇಲ್ಲೇ ಕೂತಿರುವ ನಾನೂ.
ಎರಡಲ್ಲ, ಒಂದೇ ಪ್ರಭೇದದ ಗಂಡು-ಹೆಣ್ಣು. ನಿಯಮ ಸರಳ: ಮೊದಲು ಅಚ್ಚಾದ ಹೆಸರು ಉಳಿಯುತ್ತದೆ.
ಮೇಷ್ಟ್ರದ್ದು ಹೋಗುತ್ತದೆ.

ಮಾರ್ಚ್ 6
ಲೇಖನ ಎರಡು ಪುಟ ಆಯಿತು. ಕಳುಹಿಸಲಿಲ್ಲ. ಮೇಷ್ಟ್ರಿಗೆ ಎಂಬತ್ತೊಂದು. ಸುಮ್ಮನಿದ್ದುಬಿಟ್ಟರೆ? ಡಬ್ಬಿ ನೋಡಿದವರು ಇಬ್ಬರೇ…
ಸಂಜೆ ಓದಲು ಒಂದು ಅನುವಾದಿತ ಕಾದಂಬರಿ ಹಿಡಿದೆ. ಅದರಲ್ಲಿ ಬೇರೆ ಬೇರೆ ಅಂದುಕೊಂಡಿದ್ದ ಸೇನಾಧಿಕಾರಿಯೂ ‘ಚಿಕ್ಕಪ್ಪ’ನೂ ಒಬ್ಬನೇ ಮನುಷ್ಯ ಎಂದು ಪುಟ 212ರಲ್ಲಿ ತಿಳಿಯಿತು. ಪುಸ್ತಕ ಮುಚ್ಚಿಟ್ಟೆ.

ಮಾರ್ಚ್ 16, ಭಾನುವಾರ
ಮೇಷ್ಟ್ರ ಮನೆ. ಬಾಗಿಲಲ್ಲೇ ಕೇಳಿದರು: “ಏನಮ್ಮ, ನನ್ನ ಮೊಮ್ಮಕ್ಕಳು ಹೊರಗೆ ಬಂದ್ವಾ?”
“ಬರ್ತಾ ಇವೆ ಸರ್.” ಸುಳ್ಳಲ್ಲ.
ಅವರು ಕನ್ನಡಕ ಹುಡುಕಲು ಒಳಗೆ ಹೋದರು. ಅವರ ಹೆಂಡತಿ — ನನಗೆ ಅಮ್ಮ — ಟೀ ತಂದಿಟ್ಟು, ನನ್ನನ್ನೇ ನೋಡಿದರು.
“ಮುಖ ಯಾಕೆ ಹಿಂಗಿದೆ? ನನ್ನ ಹುಳ ಸತ್ತುಹೋಯ್ತಾ?”
ಹೇಳಿಬಿಟ್ಟೆ. ಎಲ್ಲವನ್ನೂ.
ಅಮ್ಮನಿಗೆ ನಗು ಉಕ್ಕಿತು. ಕೈಲಿದ್ದ ಟೀ ಲೋಟ ಕೆಳಗಿಡಬೇಕಾಯಿತು.
“ಅಂದ್ರೆ ನಲವತ್ತು ವರ್ಷ ಅದರ ಗಂಡ ಪಕ್ಕದ ಡ್ರಾಯರ್‌ನಲ್ಲೇ ಇದ್ದ, ಇವರಿಗೆ ಕಾಣಲಿಲ್ಲ!”
“ಹೆಸರು ಪೂರ್ತಿ ಅಳಿಸಲ್ಲ ಅಮ್ಮ. ಹಳೇ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ.”
“ಇರಲಿ ಬಿಡೇ. ಲಗ್ನಪತ್ರಿಕೇಲೂ ನನ್ನ ಹೆಸರು ಕೆಳಗೇ ಇತ್ತು.” ಆಮೇಲೆ ದನಿ ತಗ್ಗಿಸಿದರು: “ನನಗೆ ತಮಾಷೆ. ಅವರಿಗಲ್ಲ. ಊರವರ ಬಾಯಿಂದ ಕೇಳೋ ಹಾಗೆ ಮಾಡಬೇಡ.”
ಮೇಷ್ಟ್ರು ಬರಿಗೈಲಿ ಬಂದರು. ಕನ್ನಡಕ ಹಣೆಯ ಮೇಲೇ ಇತ್ತು. ನಾವಿಬ್ಬರೂ ಹೇಳಲಿಲ್ಲ.
ದುಂಬಿಯ ವಿಷಯವನ್ನೂ ನಾನು ಹೇಳಲಿಲ್ಲ. ಎದ್ದು ಬಂದೆ.

ಮಾರ್ಚ್ 17, ಸೋಮವಾರ. ಸಂಜೆ 5.40
ಸುಮ್ಮನಿರುವುದಿಲ್ಲ. ಇಂದಲ್ಲ ನಾಳೆ ಇನ್ಯಾರೋ ಈ ದುಂಬಿ ಸಾಕಿ, ಇನ್ಯಾರೋ ಅಚ್ಚು ಹಾಕುತ್ತಾರೆ. ನಾನೊಬ್ಬಳೇ ಬರೆಯುವುದೂ ಇಲ್ಲ. ತಾವಿಟ್ಟ ಹೆಸರನ್ನು ತಾವೇ ರದ್ದು ಮಾಡಿದವರು ನಮ್ಮ ಕಸುಬಿನಲ್ಲಿ ಇದ್ದಾರೆ; ಅವರನ್ನು ಕಂಡು ಯಾರೂ ನಕ್ಕಿಲ್ಲ.
ಲೇಖಕರ ಸಾಲಿನಲ್ಲಿ ಮೇಷ್ಟ್ರು ಮೊದಲು, ನಾನು ಎರಡನೆಯವಳು. ಒಪ್ಪಿದರೆ.
ನಾಳೆ ಹತ್ತಕ್ಕೆ ಇಲ್ಲಿಗೇ ಕರೆಯುವುದು. ಮೇಜಿನ ಮೇಲೆ ಎರಡೂ ಡ್ರಾಯರ್, ನಾಲ್ಕನೇ ಡಬ್ಬಿ, ಒಂದು ಲೆನ್ಸ್. ವಿವರಣೆ ಬೇಡ. ಅವರೇ ಕಂಡುಹಿಡಿಯಲಿ. ಪಿನ್ನಪ್ಪನನ್ನು ಆ ಹೊತ್ತಿಗೆ ಎಲ್ಲಾದರೂ ಓಡಿಸಬೇಕು.
ಫೋನ್ ಇನ್ನೂ ಮಾಡಿಲ್ಲ. ಆರಕ್ಕೆ ಮಾಡುತ್ತೇನೆ —