ಅವ್ವನ ಮೊಸರಿನ ಗಡಿಗೆ

ಅನಗೋಳ, ಬೆಳಗಾವಿ
೧೭ ಏಪ್ರಿಲ್ ೨೦೨೫

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಪೂರ್ಣಿಮಾ ಮಾಡುವ ಶರಣು. ಸೊಲ್ಲಾಪುರದ ಬಿಸಿಲು ಹೇಗಿದೆ? ಮೊಣಕಾಲಿನ ನೋವು ಕಡಿಮೆಯಾಯಿತೇ? ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೋ, ನೆನಪಾದಾಗ ಅಲ್ಲ. ವೈನಿಗೂ ಮಗಳು ಸಮೃದ್ಧಿಗೂ ನಾನು ಕೇಳಿದೆ ಎಂದು ಹೇಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನಡುವೆ ಕಟ್ ಮಾಡುತ್ತೀ. ಅದಕ್ಕೇ ಟಿಳಕವಾಡಿಗೆ ಹೋಗಿ ಈ ಅಂಚೆ ಕವರು ತಂದೆ. ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು. ಆದರೆ ನಾನು ನಿನ್ನನ್ನು ಬಲ್ಲೆ, ಓದದೆ ಹರಿಯುವವನಲ್ಲ ನೀನು.

ನೇರ ಮಾತಿಗೆ ಬರುತ್ತೇನೆ. ನನ್ನ ಮನೆಯಲ್ಲೇ ಇದ್ದ ಅವ್ವ ಹೋದ ತಿಂಗಳು ತೀರಿಕೊಂಡ ಮೂರನೆಯ ದಿನ ನೀನು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಸತ್ತ ಮನ್ಯಾಗ ಮಣ್ಣಿನ ಪಾತ್ರಿ ಇಡಬಾರದು, ಮೈಲಿಗಿ. ಎಲ್ಲಾ ಹೊರಗ ಒಗಿ. ಇವು ಇರೂತನಕಾ ನಾ ಈ ಮನ್ಯಾಗ ನೀರೂ ಮುಟ್ಟಂಗಿಲ್ಲ.” ನಾನು ಬಾಯಿ ತೆರೆಯುವ ಮೊದಲೇ ನೀನು ನೀರಿನ ಹರವಿಯನ್ನು ಎತ್ತಿಕೊಂಡು ಹೋಗಿ ಓಣಿಯ ತಿರುವಿನಲ್ಲಿ ಒಡೆದು ಬಂದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಿನಗೆ ದೊಣ್ಣೆಯೂ ಬೇಕಾಗಲಿಲ್ಲ. ಆಮೇಲೆ ಅವ್ವನ ಮೊಸರಿನ ಗಡಿಗೆಗೆ ಕೈ ಹಾಕಿದೆ. ನಾನು ಅಡ್ಡ ನಿಂತೆ. ನೀನು ಊಟ ಬಿಟ್ಟು ಚಪ್ಪಲಿ ಮೆಟ್ಟಿದೆ. ಆವತ್ತು ನನಗೆ ಅಳು ಬಂತು. ಈಗ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಗಡಿಗೆ ಕೂಡಿಸುವುದು ನನ್ನ ಹುಚ್ಚು ಎನ್ನುತ್ತೀ. ಹೌದು, ಹುಚ್ಚೇ. ಖಾನಾಪುರದಲ್ಲಿ ಹಳೆಯ ಸಾಮಾನು ಮಾರುವ ಜೋಹರಾ, ಯಾರಾದರೂ ಅಟ್ಟದ ಸಾಮಾನು ಇಳಿಸಿದರೆ ಸಾಕು, “ಅಕ್ಕಾ, ಲಗೂನ ಬರ್ರಿ” ಎಂದು ಫೋನ್ ಮಾಡುತ್ತಾಳೆ. ನಾನು ಬಸ್ಸು ಹತ್ತುತ್ತೇನೆ, ಬರುವಾಗ ಗಡಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬರುತ್ತೇನೆ. ಮೇಲೆ ಕಂದು, ಕೆಳಗೆ ಬಿಳಿ ಇರುವ ಆ ಚೀನಿ ಭರಣಿಯಲ್ಲಿ ಇವತ್ತಿಗೂ ಯಾರದೋ ಮನೆಯ ಮಾವಿನ ಉಪ್ಪಿನಕಾಯಿಯ ವಾಸನೆ ಇದೆ. ಸಾರಿನ ಗಡಿಗೆಯೊಂದರ ಬಾಯಿ ಒಂದೇ ಕಡೆ ಸವೆದಿದೆ. ಯಾವಳೋ ಒಬ್ಬಳು ಜನ್ಮವಿಡೀ ಸೌಟನ್ನು ಅಲ್ಲಿಯೇ ಕುಟ್ಟಿದ್ದಾಳೆ. ಊರಿನ ಚರಿತ್ರೆ ಬರೆದವರು ಕೋಟೆಯ ಬಗ್ಗೆ ಬರೆದರು, ದಂಡಿನ ಬಗ್ಗೆ ಬರೆದರು. ಅವಳ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಅವಳು ಬದುಕಿದ್ದಳು ಎನ್ನಲು ಉಳಿದಿರುವುದು ಆ ಸವೆದ ಅಂಚು ಮಾತ್ರ. ಅದನ್ನೂ ಒಡೆದು ಬಿಸಾಡು ಎನ್ನುತ್ತೀಯಾ?

ನಾನು ಅವನ್ನು ಶೋಕಿಗೆ ಇಟ್ಟಿಲ್ಲ. ಇಡಲು ಅವ್ವ ಬಿಡುತ್ತಲೂ ಇರಲಿಲ್ಲ. “ಕಪಾಟಿನ್ಯಾಗ ಇಟ್ರ ಅದು ಗಡಿಗಿ ಅಲ್ಲ, ಗೊಂಬಿ” ಎಂದು ತಂದದ್ದನ್ನೆಲ್ಲ ನೀರಲ್ಲಿ ನೆನೆಹಾಕಿ, ಗಂಜಿ ಕುದಿಸಿ ಹದ ಮಾಡಿ, ಒಂದೊಂದಕ್ಕೆ ಒಂದೊಂದು ಕೆಲಸ ಹಚ್ಚುತ್ತಿದ್ದಳು. ಮೊಸರಿನದು ಮಾತ್ರ ಅವಳೇ ಖಾನಾಪುರದ ತವರಿನಿಂದ ತಂದದ್ದು. ಅದನ್ನು ಬೇರೆ ಯಾರೂ ತೊಳೆಯುವಂತಿರಲಿಲ್ಲ. “ಇದಕ್ಕ ಹೆಪ್ಪು ಬ್ಯಾಡ, ತನ್ನ ಹೊಟ್ಟ್ಯಾಗ ತಾನ ಇಟ್ಕೊಂಡೈತಿ” ಎನ್ನುತ್ತಿದ್ದಳು. ನೀನು, “ಟೋಪಿ ಹಾಕಬ್ಯಾಡ ಅವ್ವಾ, ಕದ್ದು ಹೆಪ್ಪು ಹಾಕ್ತಿ ನೀ” ಎಂದು ನಗುತ್ತಿದ್ದೆ. ನೆಹರು ನಗರದ ಆಸ್ಪತ್ರೆಯಲ್ಲಿ ಮಲಗಿದಾಗಲೂ ಅವಳು ಕೇಳಿದ್ದು, “ಗಡಿಗಿ ತೊಳದು ಬೋರಲ ಹಾಕೀಯಿಲ್ಲೋ?” ಎಂದೇ.

ಮೈಲಿಗೆಯಂತೆ! ಲಿಂಗ ಕಟ್ಟಿಕೊಂಡವರಿಗೆ ಹುಟ್ಟಿನ ಸೂತಕವೂ ಇಲ್ಲ, ಸಾವಿನ ಸೂತಕವೂ ಇಲ್ಲ ಎಂದು ಅಪ್ಪ ನಮಗಿಬ್ಬರಿಗೂ ಕಲಿಸಿದ್ದನಲ್ಲ, ಆ ಪಾಠ ಎಲ್ಲಿ ಹೋಯಿತು? ಅಜ್ಜಿ ತೀರಿಕೊಂಡಾಗ ಓಣಿಯವರು ಗಡಿಗೆ ಒಡೆಯಿರಿ ಎಂದರು. ಅಪ್ಪ, “ನನ್ನ ತಾಯಿ ಮೈಲಿಗಿ ಅಲ್ರೀ” ಎಂದು ಎದ್ದು ನಿಂತ. ಆ ದಿನ ಇದೇ ಗಡಿಗೆಯ ಮಜ್ಜಿಗೆಯನ್ನು ನೀನೂ ಕುಡಿದೆ, ನಾನೂ ಕುಡಿದೆ. ಏನಾಯಿತು ನಮಗೆ? ಇಷ್ಟು ವರ್ಷ ಉಣ್ಣಿಸಿದ ಕೈ ಉಸಿರು ನಿಂತ ಕೂಡಲೇ ಹೊಲಸಾಯಿತೇ? ಅವ್ವನನ್ನು ಮಣ್ಣಿಗೇ ಒಪ್ಪಿಸಿ ಬಂದವರು ನಾವು, ಅಣ್ಣಾ. ಮಣ್ಣನ್ನು ಮೈಲಿಗೆ ಎನ್ನಲು ನಮಗೆ ಯಾವ ಬಾಯಿ ಇದೆ?

ಆದ್ದರಿಂದ ಕೇಳು. ನಾನು ಒಂದು ಮುಚ್ಚಳವನ್ನೂ ಒಗೆಯುವುದಿಲ್ಲ. ನೀನು ನಾಗರ ಪಂಚಮಿಗೆ ಕರೆಯಲು ಬರದಿದ್ದರೂ ಒಗೆಯುವುದಿಲ್ಲ. ಒಂದು ವರ್ಷವೂ ತಪ್ಪಿಸದೆ ನೀನೇ ಬಂದು ಕರೆದುಕೊಂಡು ಹೋಗಿದ್ದೀ. ಅವ್ವ ಇಲ್ಲದ ಮೇಲೆ ನನಗೆ ತವರೆಂದರೆ ನೀನೊಬ್ಬನೇ. ಈ ಸಲ ಬರದಿದ್ದರೆ ನನಗೆ ಬಹಳ ನೋವಾಗುತ್ತದೆ, ಖರೇ ಹೇಳುತ್ತೇನೆ. ಆದರೂ ಒಗೆಯುವುದಿಲ್ಲ. ಹೊಸ ಹರವಿಯನ್ನು ಖಾನಾಪುರದಿಂದ ಆಗಲೇ ತಂದು ಹಳೆಯದರ ಜಾಗದಲ್ಲಿ ಇಟ್ಟಿದ್ದೇನೆ.

ಬಿಸಿಲಲ್ಲಿ ತಿರುಗಬೇಡ. ಸಮೃದ್ಧಿಗೆ ನನ್ನ ಆಶೀರ್ವಾದ, ವೈನಿಗೆ ಶರಣು.

ನಿನ್ನ ಹಟಮಾರಿ ತಂಗಿ,
ಪೂರ್ಣಿಮಾ

ತಾಜಾ ಕಲಂ: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಹೋಗುವ ಹೊತ್ತಾಯಿತು. ಅವ್ವನ ಗಡಿಗೆ ಇಷ್ಟು ದಿನ ಬೋರಲಾಗಿಯೇ ಇತ್ತು. ನಿನ್ನೆ ಸಂಜೆ ಧೈರ್ಯ ಮಾಡಿ ಅದಕ್ಕೆ ಉಗುರುಬೆಚ್ಚಗಿನ ಹಾಲು ಎರೆದೆ. ಹೆಪ್ಪು ಹಾಕಲಿಲ್ಲ, ನಿನ್ನಾಣೆ. ಕವರು ಅಂಟಿಸಿದ ಮೇಲೆ ಮುಚ್ಚಳ ತೆಗೆದು ನೋಡಿದೆ, ಮೊಸರಾಗಿದೆ. ಅವ್ವ ನಮಗೆ ಟೋಪಿ ಹಾಕಿರಲಿಲ್ಲ, ಅಣ್ಣಾ. ರೊಟ್ಟಿ ಬಡಿದು ನನ್ನ ಪಾಲು ಉಂಡೆ, ಅಳುತ್ತಲೇ ಉಂಡೆ. ದಿನಾ ಹಾಲು ಎರೆಯುತ್ತಿರುತ್ತೇನೆ. ನಿನ್ನ ಪಾಲು ಗಡಿಗೆಯಲ್ಲೇ ಇರುತ್ತದೆ. ಸ್ಟೀಲ್ ಡಬ್ಬಿಗೆ ಸುರಿದು ಕಳಿಸುವವಳಲ್ಲ ನಾನು. ಅವ್ವನ ಮೊಸರು ಬೇಕಿದ್ದರೆ ಬಂದು ಉಣ್ಣು.