ಮಾವನ ದನಿ ಇದ್ದ ಡಿಸ್ಕ್

ನವೆಂಬರ್ 18, ಸೋಮವಾರ

ಇವತ್ತೂ ಕಂಪ್ಯೂಟರ್ ಹ್ಯಾಂಗ್. ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತ ಕೂತಿದ್ದೆ, ಎರಡನೇ ಪುಟಕ್ಕೆ ಪರದೆ ನೀಲಿ. ರೀಸ್ಟಾರ್ಟ್ ಮಾಡಿದರೆ ಡಬ್ಬದೊಳಗೆ ಸದ್ದು. ಟಕ್... ಟಕ್... ಯಾರೋ ಒಳಗಿನಿಂದ ಉಗುರಿನಲ್ಲಿ ತಟ್ಟಿದ ಹಾಗೆ.

ನನ್ನವರು, ಸಿದ್ದಲಿಂಗ, ತೋಟದಿಂದ ಬಂದರು, ಮೈಯೆಲ್ಲ ದ್ರಾಕ್ಷಿಗೆ ಹೊಡೆದ ಔಷಧದ ವಾಸನೆ. ಹಳೆಯದಾಯಿತು, ಹೊಸದು ತರೋಣ ಅನ್ನುತ್ತಾರೆ ಅಂದುಕೊಂಡೆ. ಸದ್ದು ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು.

"ಬಂದ್ ಮಾಡ. ರೂಪಾ, ಮೊದಲ ಬಂದ್ ಮಾಡ ಅದನ್ನ."

"ಯಾಕ್ರಿ?"

"ಅಪ್ಪನ ದನಿ ಅದರಾಗ ಐತಿ."

ನವೆಂಬರ್ 19

ನಿದ್ದೆಯಿಂದ ಎದ್ದಾಗಲೂ ಅದೇ ಮಾತು ತಲೆಯಲ್ಲಿ. ಅಪ್ಪನ ದನಿ ಅದರಾಗ ಐತಿ.

ಮದುವೆಯಾಗಿ ನಿಪ್ಪಾಣಿಯಿಂದ ಈ ಐಗಳಿ ಊರಿಗೆ ಬಂದು ಮೂರನೇ ವರ್ಷ. ಮಾವನವರ ಮಾತು ನಾನು ಕೇಳಿಯೇ ಇಲ್ಲ. ನಾನು ಬರುವ ಮೊದಲೇ ಗಂಟಲ ಕ್ಯಾನ್ಸರ್, ಆಪರೇಶನ್. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕೊರಳಲ್ಲಿ ಸಣ್ಣ ತೂತು, ಉಸಿರು ಅಲ್ಲಿಂದಲೇ, ಮೇಲೊಂದು ತೆಳು ಬಿಳಿ ಬಟ್ಟೆ. ನನ್ನನ್ನು ಕರೆಯಬೇಕಾದರೆ ಚಪ್ಪಾಳೆ. ಉಳಿದದ್ದು ತುಟಿ, ಬೆರಳು, ಹುಬ್ಬು. ಈಗ ಅವರ ತುಟಿ ಓದುವುದು ನನಗೆ ಕನ್ನಡ ಓದಿದಷ್ಟೇ ಸಲೀಸು.

ಇಂಥವರು ಕುಸ್ತಿ ಕಾಮೆಂಟರಿ ಹೇಳುತ್ತಿದ್ದರಂತೆ! ಅಥಣಿ, ರಾಯಬಾಗ, ಚಿಕ್ಕೋಡಿ — ಎಲ್ಲಿ ಕುಸ್ತಿ ಕಣ ಇದ್ದರೂ ಮೈಕ್ ವಿರುಪಾಕ್ಷಪ್ಪನ ಕೈಯಲ್ಲಿ. ಎಲ್ಲ ಮದುವೆಗಳಲ್ಲೂ ಯಾರಾದರೊಬ್ಬರು ಬಂದು ಅವರ ಕೈ ಹಿಡಿದುಕೊಂಡು, "ನಿಮ್ಮ ದನಿ ಇನ್ನೂ ಕಿವ್ಯಾಗ ಐತ್ರಿ," ಅಂತ ಕಣ್ಣು ಒರೆಸಿಕೊಳ್ಳುತ್ತಾರೆ. ಮಾವ ನಗುತ್ತಾರೆ. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ. ಯೂಟ್ಯೂಬಿನಲ್ಲಿ ಒಂದು ವಿಡಿಯೋ ನೋಡಿದ್ದೆ — ಹಲಗಿ ಬಡಿತ, ಸೀಟಿ, ಗದ್ದಲ. ಮಾವನ ದನಿ ಅದರಲ್ಲಿ ಮುಳುಗಿಹೋಗಿದೆ.

ಸಿದ್ದಲಿಂಗ ಕಾಲೇಜಿನಲ್ಲಿದ್ದಾಗ ಮೈಕ್‌ಸೆಟ್ಟಿಗೇ ವೈರ್ ಹಚ್ಚಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರಂತೆ. ಎಲ್ಲ ಈ ಕಂಪ್ಯೂಟರಿನಲ್ಲೇ. ಇನ್ನೊಂದು ಕಾಪಿ ಎಲ್ಲೂ ಇಲ್ಲ. ಆಪರೇಶನ್ ಆದ ಮೇಲೆ ಹಚ್ಚಿ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ.

ನವೆಂಬರ್ 20

ಶುಭಮನಿಗೆ ಫೋನ್ ಹಚ್ಚಿದೆ. ಚಿಕ್ಕಪ್ಪನ ಮಗ, ನಿಪ್ಪಾಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಸದ್ದು ಹೇಗಿತ್ತು ಅಂತ ಹೇಳುವಷ್ಟರಲ್ಲೇ ಕೂಗಿದ.

"ಅಕ್ಕಾ, ಥಾಂಬ, ನಿಲ್ಲ! ಮತ್ತ ಚಾಲೂ ಮಾಡಬ್ಯಾಡ. ಚಾಲೂ ಮಾಡಿದಂಗೆಲ್ಲಾ ಅದರ ಆಯುಷ್ಯ ಕಮ್ಮಿ. ಹಾರ್ಡ್ ಡಿಸ್ಕ್ ಬಿಚ್ಚಿ ತಗೊಂಡ ಬಾ."

ಅಪ್ಪನಿಗೆ ಹೇಳುವುದು ಬೇಡ ಅಂದರು ಸಿದ್ದಲಿಂಗ. ನಾನು ಹೇಳೋಣ ಅಂದೆ. ಅಂಗಳದಲ್ಲೇ ಮಾತಿಗೆ ಮಾತು.

"ಒಮ್ಮೆ ಕಳಕೊಂಡಾನ, ರೂಪಾ. ಎರಡನೇ ಸಲ ಕಳಕೊಳ್ಳೂದು ನೋಡಾಕ ನನ್ನ ಕಡಿಂದ ಆಗೂದಿಲ್ಲ."

ಹಿಂದೆ ಚಪ್ಪಾಳೆ. ಮಾವ ಕಟ್ಟೆಯ ಮೇಲೇ ಇದ್ದರು. ಹೋಗಿರುವುದು ದನಿ, ಕಿವಿ ಅಲ್ಲ ಅನ್ನುವುದನ್ನು ನಾವಿಬ್ಬರೂ ಮರೆತಿದ್ದೆವು. ತುಟಿ ಆಡಿಸಿದರು — ನಾನೂ ಬರ್ತೀನಿ.

ನವೆಂಬರ್ 24, ಭಾನುವಾರ. ಸಂಜೆ

ನಿಪ್ಪಾಣಿಗೆ ಹೋಗಿ ಬಂದೆವು. ಚಿಕ್ಕೋಡಿ ದಾಟುವವರೆಗೂ ಮುಂದೆ ಕಬ್ಬಿನ ಟ್ರ್ಯಾಕ್ಟರ್. ಡಿಸ್ಕ್ ಮಾವನ ತೊಡೆಯ ಮೇಲೆ, ಟವೆಲಿನಲ್ಲಿ. ಗುಂಡಿ ಬಂದಲ್ಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ತಮ್ಮ ಮೈ ಕುಲುಕಿದರೂ ಅದು ಕುಲುಕಬಾರದು.

ಶುಭಮ ಕೆಟ್ಟುಹೋದ ಬೇರೊಂದು ಡಿಸ್ಕ್ ಬಿಚ್ಚಿ ತೋರಿಸಿದ. ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವಳು ನಾನು, ಬೋರ್ಡಿನ ಮೇಲೆ ಅದರ ಚಿತ್ರ ಎಷ್ಟು ಸಲ ಬರೆದಿದ್ದೇನೋ. ಕಣ್ಣಾರೆ ನೋಡಿದ್ದು ಇವತ್ತೇ. ದುಂಡಗಿನ ತಟ್ಟೆ, ಕನ್ನಡಿಗಿಂತ ನುಣುಪು, ಒಂದು ಗೆರೆ ಇಲ್ಲ. ಅದರ ಮೇಲೊಂದು ಸಣ್ಣ ಕಡ್ಡಿ.

"ಈ ಕಡ್ಡೀನ ಓದೂದು," ಅಂದ ಶುಭಮ. "ತಟ್ಟಿ ತಿರಗತೈತಿ, ಕಡ್ಡಿ ಮ್ಯಾಲ ತೇಲತೈತಿ. ಮುಟ್ಟಬಾರದು. ನಡುವಿನ ಸಂದಿ ನಮ್ಮ ತಲಿಕೂದಲಾನೂ ಹೋಗಲಾರದಷ್ಟ ಸಣ್ಣದ."

ಮಾವ ಬಗ್ಗಿ ನೋಡಿದರು. ತಟ್ಟೆಯಲ್ಲಿ ಅವರ ಮುಖ. ಕೊರಳಿನ ಉಸಿರು ತಾಗಿ ಆ ಮುಖದ ಮೇಲೆ ಮಂಜು ಕೂತಿತು, ಮೆಲ್ಲಗೆ ಆರಿತು. ತಲೆ ಎತ್ತಿ ಕೇಳಿದರು — ಎಲ್ಲಿ?

ನಾನು ಬಾಯಿಬಿಟ್ಟು ಹೇಳಿದೆ. "ದನಿ ಎಲ್ಲಿ ಐತಿ ಅಂತ ಕೇಳಾಕತ್ತಾರ."

"ಕಾಣೂದಿಲ್ಲರಿ ಕಾಕಾ. ಆದ್ರ ಇರತೈತಿ."

ಮಾವ ಆ ತಟ್ಟೆಯನ್ನೇ ನೋಡುತ್ತ ಎಷ್ಟೋ ಹೊತ್ತು ಕೂತರು. ನನಗೂ ಕಣ್ಣು ತೆಗೆಯಲಾಗಲಿಲ್ಲ. ಏನೂ ಇಲ್ಲದ ಹೊಳಪಿನಲ್ಲಿ ಒಬ್ಬ ಮನುಷ್ಯನ ದನಿ...

ಎರಡು ದಾರಿ ಅಂದ ಶುಭಮ. ಪುಣೆಯಲ್ಲಿ ದೂಳಿಲ್ಲದ ಕೋಣೆ ಇದೆ, ಅಲ್ಲಿ ಡಿಸ್ಕ್ ಬಿಚ್ಚಿ ಕಡ್ಡಿ ಬದಲಿಸುತ್ತಾರೆ. ಇಲ್ಲವಾದರೆ ಬಿಚ್ಚದೆ, ಅದು ಓದಿದಷ್ಟನ್ನು ಇಲ್ಲೇ ಕಾಪಿ ಮಾಡಿಕೊಳ್ಳುವುದು. ನಡುವೆ ನಿಂತರೆ ನಿಂತಂತೆ. "ನಾ ಆದ್ರ ಪುಣೆ ಅಂತೀನಿ," ಅಂದ. ಸಿದ್ದಲಿಂಗರೂ ಪುಣೆ ಅಂದರು.

ಮಾವ ಒಂದು ಕೈ ಟವೆಲಿನ ಮೇಲೆ, ಇನ್ನೊಂದು ಕೊರಳಿನ ಬಟ್ಟೆಯ ಮೇಲೆ ಇಟ್ಟರು. ತುಟಿ ನಿಧಾನ ಆಡಿತು, ಎಲ್ಲರಿಗೂ ತಿಳಿಯುವಷ್ಟು ನಿಧಾನ.

ಬಿಚ್ಚೂದು ಸಾಕು.

ಇಲ್ಲೇ ಕಾಪಿ ಮಾಡು ಅಂದೆ ಶುಭಮನಿಗೆ. ಡಿಸ್ಕ್ ಅಲ್ಲೇ ಬಿಟ್ಟು ಬಂದೆವು.

ನವೆಂಬರ್ 27

ಕಾಪಿ ನಡೆದಿದೆ. ಸುಲಭಕ್ಕೆ ಓದುವ ಜಾಗ ಮೊದಲು, ಕೆಟ್ಟ ಜಾಗ ಆಮೇಲೆ. ನಡುನಡುವೆ ಡಿಸ್ಕ್ ಬಿಸಿಯಾಗುತ್ತದಂತೆ, ಆರಲು ಬಿಡುತ್ತಾನಂತೆ. ಶಾಲೆಯಿಂದ ಬಂದ ಕೂಡಲೇ ಮಾವ ಹುಬ್ಬು ಏರಿಸುತ್ತಾರೆ. ನಾನು "ನಡದೈತ್ರಿ" ಅನ್ನುತ್ತೇನೆ.

ಅತ್ತೆ ಮಾತ್ರ ಏನೂ ಕೇಳುವುದಿಲ್ಲ. ರೊಟ್ಟಿ ಬಡಿಯುತ್ತಿದ್ದಾಗ ನಾನೇ ಕೇಳಿದೆ, "ಅತ್ತಿ, ಮಾವಾರ ದನಿ ಹೆಂಗಿತ್ರಿ?"

ಬಡಿಯುವುದು ನಿಂತಿತು. "ಏನಂತ ಹೇಳ್ಲಿ ಯವ್ವಾ... ನೆನಪಿಗಿ ಬರವಲ್ತು." ಮತ್ತೆ ಬಡಿದರು, ಜೋರಾಗಿ. ರೊಟ್ಟಿ ಹರಿಯಿತು.

ನವೆಂಬರ್ 30

ಶುಭಮನ ಫೋನ್. "ಅಕ್ಕಾ... ನಿಂತು ಹೋತು."

ಕಡ್ಡಿ ತಟ್ಟೆಗೆ ತಾಗಿತು. ಕರಕರ ಅಂದಿತಂತೆ, ಅಷ್ಟೇ. ಇನ್ನು ಪುಣೆಯವರ ಕೈಯಲ್ಲೂ ಆಗಲಿಕ್ಕಿಲ್ಲ. ಅಷ್ಟರೊಳಗೆ ಬಂದದ್ದು ಬಂದಿದೆ. ಫೈಲಿನ ಹೆಸರೆಲ್ಲ ಹೋಗಿವೆ, ಬರೀ ನಂಬರ್. ಒಳಗೆ ಏನಿದೆಯೋ ಅವನಿಗೂ ಗೊತ್ತಿಲ್ಲ.

ಮಾವನಿಗೆ ಹೇಳಿದ್ದು ನಾನೇ. ಕೇಳಿಸಿಕೊಂಡರು. ಎದ್ದು ತೋಟಕ್ಕೆ ಹೋದರು.

ಡಿಸೆಂಬರ್ 8, ಭಾನುವಾರ



ಪೆನ್ ಡ್ರೈವ್ ಬಂತು. ಶಾಲೆಯ ಲ್ಯಾಪ್‌ಟಾಪ್, ಪಡಸಾಲೆಯಲ್ಲಿ ಮೈಕ್‌ಸೆಟ್ಟಿನ ಹಳೇ ಸ್ಪೀಕರ್. ಮಾವ ಕುರ್ಚಿಯಲ್ಲಿ, ಸಿದ್ದಲಿಂಗ ನೆಲದ ಮೇಲೆ. ಅತ್ತೆ ಬರಲಿಲ್ಲ, "ನನಗ ಕೆಲಸ ಐತಿ" ಅಂತ ಒಲೆಯ ಮುಂದೆಯೇ ಉಳಿದರು.

ಮೊದಲ ಫೈಲು ಹಾಳು. ಆಮೇಲಿನದು ಯಾರದೋ ಮದುವೆಯ ಅರ್ಧ ಫೋಟೋ. ಮತ್ತೊಂದು, ಮತ್ತೊಂದು... ಸಿದ್ದಲಿಂಗ ಎದ್ದು ಹೋಗುವುದರಲ್ಲಿದ್ದರು.

"ಕೂತ ಮಂದಿ ಕೂತಲ್ಲೇ ಇರ್ರೆಪಾ! ಎದ್ದ ನಿಂತ್ರ ಹಿಂದಿನಾವ್ರು ನನಗ ಬೈತಾರ!"

ಸಿದ್ದಲಿಂಗ ಹಾಗೇ ಕೂತರು.

ಇಷ್ಟು ಎತ್ತರದ ಆಳಿಗೆ ದಪ್ಪ ದನಿ ಇದ್ದೀತು ಅಂದುಕೊಂಡಿದ್ದೆ. ತೆಳ್ಳಗೆ, ಚೂಪಾಗಿ, ಪ್ರತಿ ಮಾತಿನ ತುದಿಗೆ ಒಂಚೂರು ನಗು. ಮೂರು ವರ್ಷ ಈ ಮನುಷ್ಯನ ಕೊರಳ ಬಟ್ಟೆ ಒಗೆದು ಒಣಹಾಕಿದ್ದೇನೆ. ಇವತ್ತು ಭೇಟಿಯಾದೆ.

"ಈ ಕಡೆ ನಮ್ಮ ಪಾಲಬಾವಿ ಕಾಮಣ್ಣ, ಕುರಿ ಹಿಂದ ಅಡ್ಡಾಡಿ ಕಾಲ ಕಬ್ಬಿಣ ಮಾಡಿಕೊಂಡ ಹುಡುಗ! ಆ ಕಡೆ ಕೊಲ್ಹಾಪುರದ ತಾಲೀಮಿನ ಪೈಲವಾನ! ಬಘಾ ಮಂಡಳಿ, ನೋಡ್ರಿ, ಕಾಮಣ್ಣ ಕೈ ಕೊಟ್ಟ... ಕೈ ಕಸಗೊಂಡ..."

ಮಾವನ ಕಡೆ ನೋಡಿದೆ. ಕಣ್ಣು ಮುಚ್ಚಿದೆ, ತುಟಿ ಆಡುತ್ತಿದೆ — ಸ್ಪೀಕರಿನ ಮಾತಿಗೆ ಒಂದಕ್ಷರ ಮುಂದಿಲ್ಲ, ಒಂದಕ್ಷರ ಹಿಂದಿಲ್ಲ. ಸ್ಪೀಕರಿನಲ್ಲಿ ದನಿ ಉಸಿರು ಎಳೆದುಕೊಂಡಲ್ಲೆಲ್ಲ ಇಲ್ಲಿ ಕೊರಳಿನ ಬಿಳಿ ಬಟ್ಟೆ ಒಳಕ್ಕೆ ಎಳೆಯುತ್ತಿದೆ. ಅದೇ ಗಳಿಗೆಗೆ.

"ಕಾಮಣ್ಣ ಸೊಂಟಕ್ಕ ಕೈ ಹಾಕಿದ! ಎತ್ತಿದ! ಎತ್ತಿದಾ—"

ಕರ್‌ರ್‌ರ್. ಸದ್ದು ನಿಂತಿತು. ಕೆಟ್ಟ ಜಾಗ.

ಮಾವನ ತುಟಿ ನಿಲ್ಲಲಿಲ್ಲ. ಪಡಸಾಲೆ ನಿಶ್ಶಬ್ದ, ಅವರ ಕುಸ್ತಿ ಮಾತ್ರ ನಡೆದೇ ಇದೆ. ಎರಡೂ ಕೈ ಎದ್ದವು, ಕೊರಳ ನರ ಉಬ್ಬಿದವು. ನಾನು ತುಟಿ ಓದುತ್ತಿದ್ದೆ. ಸಿದ್ದಲಿಂಗ ನೆಲದಿಂದ ಎದ್ದರು. ಅಪ್ಪನ ಬಾಯಿ ನೋಡುತ್ತ ನೋಡುತ್ತ, ನಾನೆಂದೂ ಕೇಳಿರದ ಗಟ್ಟಿ ದನಿಯಲ್ಲಿ ಕೂಗಿದರು —

"ಎತ್ತಿ ಒಗದಾ! ಚಿತ್ತ! ಕೊಲ್ಹಾಪುರಕ್ಕ ಆಕಾಶ ಕಂಡಿತ್ರೆಪೋ!"

ಮಾವ ಕಣ್ಣು ತೆರೆದರು. ಮಗನನ್ನು ನೋಡಿದರು. ಕುರ್ಚಿಯಿಂದ ಎದ್ದು ಹೋಗಿ ಮಗನ ಬೆನ್ನಿಗೊಂದು ಪೆಟ್ಟು ಕೊಟ್ಟರು — ಗೆದ್ದ ಪೈಲವಾನನಿಗೆ ಕೊಡುವಂಥದ್ದು.

ಡಿಸೆಂಬರ್ 9. ಬೆಳಿಗ್ಗೆ

ಶಾಲೆಗೆ ಹೊತ್ತಾಗುತ್ತಿದೆ. ಆದರೂ ಬರೆದೇ ಹೋಗಬೇಕು.

ಉಳಿದ ಫೈಲು ನೋಡುತ್ತಿದ್ದೆ. ಒಂದು ತೀರಾ ಸಣ್ಣದು. ಕಣದ ಗದ್ದಲ ಇಲ್ಲ, ಮನೆಯಲ್ಲೇ ಮೈಕ್ ಪರೀಕ್ಷೆ ಮಾಡಿದ್ದಿರಬೇಕು. "ಹಲೋ... ಹಲೋ... ಕೇಳಸ್ತೈತೇನಲೇ ಸಿದ್ದ್ಯಾ?" ಕೆಮ್ಮು. ಆಮೇಲೆ, ಮೈಕ್ ಬಿಟ್ಟು ಅತ್ತ ತಿರುಗಿ ಅತ್ತೆಯ ಹೆಸರು ಹಿಡಿದು ಕೂಗಿದ ಹಾಗೆ —

"ಏ ಅಕ್ಕವ್ವಾ! ಒಂದ ತಂಬಗಿ ನೀರ ತಾ ಇಲ್ಲಿ!"

"ತಂದ್ನಿರೀ!"

ಇದು ಸ್ಪೀಕರಿನಿಂದ ಬಂದದ್ದಲ್ಲ. ಅಡುಗೆಮನೆಯಿಂದ. ಕೊಡದಲ್ಲಿ ತಂಬಿಗೆ ಮುಳುಗಿದ ಸದ್ದು, ಬಳೆ ಸದ್ದು. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಂದೇಬಿಟ್ಟರು, ಪಡಸಾಲೆಯ ನಡುವೆ ಬಂದ ಮೇಲೆ ನಿಂತರು. ತಂಬಿಗೆ ತುಳುಕಿತು. ಮಾವ ಕುರ್ಚಿಯಲ್ಲಿದ್ದರು, ಬಾಯಿ ಮುಚ್ಚಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಮಾವ ಕೈ ಚಾಚಿದರು. ತಂಬಿಗೆ ಇಸಿದುಕೊಂಡು ಎತ್ತಿ ಕುಡಿದರು, ಪೂರ್ತಿ.

ಅತ್ತೆ ಖಾಲಿ ತಂಬಿಗೆ ಹಿಡಿದು ನನ್ನ ಹತ್ತಿರ ಬಂದರು. ಮೆಲ್ಲಗೆ, ಮಾವನಿಗೆ ಕೇಳಿಸಬಾರದು ಅನ್ನುವ ಹಾಗೆ —

"ಇನ್ನೊಮ್ಮೆ ಹಚ್ಚ ಯವ್ವಾ. ತಡಿ, ನಾ ಒಳಗ ಹೋಗೂ ತನಕಾ ಹಚ್ಚಬ್ಯಾಡ."

ಹೋಗಿದ್ದಾರೆ. ಕೊಡದ ಹತ್ತಿರ ನಿಂತ ಹಾಗಿದೆ. ಬಳೆ ಸದ್ದೂ ಇಲ್ಲ. ಹಚ್ಚಬೇಕು, ಅವರು ಕಾಯುತ್ತಿದ್ದಾರೆ.