ನಕ್ಷೆಯಲ್ಲಿ ಅವ್ವನ ಅರವಟ್ಟಿಗೆ

ಏಪ್ರಿಲ್ 8, ಮಂಗಳವಾರ. ಸಂಜೆ

ಇವತ್ತೂ ಕೋಡಂಬಾಕ್ಕಂ. ಕಾಲೆರಡೂ ಬಿದ್ದುಹೋಗಿವೆ.

ಬಸ್ ಸ್ಟಾಪ್ ಪಕ್ಕದ ಕಪ್ಪು ಟ್ಯಾಂಕ್ — ನಲ್ಲಿ ಇದೆ, ನೀರಿಲ್ಲ. ಪಾರ್ಕಿನ ಮಷೀನ್ — ನೀರಿದೆಯಂತೆ, ಗೇಟಿಗೆ ಬೀಗ. ಸ್ಟೇಷನ್ ಕಡೆಯದರಲ್ಲಿ ನೀರೂ ಇದೆ, ಗೇಟೂ ತೆರೆದಿದೆ. ಆದರೆ ನಲ್ಲಿ ಎಷ್ಟು ಕೆಳಗೆಂದರೆ ಅದರಡಿ ಬಾಟಲ್ ನಿಲ್ಲುವುದೇ ಇಲ್ಲ. ಯಾವ ಪುಣ್ಯಾತ್ಮ ಡಿಸೈನ್ ಮಾಡಿದನೋ. ಎಲ್ಲದರ ಫೋಟೋ ತೆಗೆದು ಆ್ಯಪ್‌ಗೆ ಹಾಕಿದೆ. ಕೆಂಪು, ಕೆಂಪು, ಕೆಂಪು.

ಯಾರು ಬೇಕಾದರೂ ಹೋಗಿ, ಯಾರನ್ನೂ ಕೇಳದೆ, ಬಿಟ್ಟಿಯಾಗಿ ಒಳ್ಳೆಯ ನೀರು ತುಂಬಿಕೊಳ್ಳುವಂತಿದ್ದರೆ ಹಸಿರು. ಇಲ್ಲದಿದ್ದರೆ ಕೆಂಪು. ಊರಿಗೆಲ್ಲ ಇಂಥದ್ದೊಂದು ಮ್ಯಾಪ್ ಮಾಡುವುದು ನಮ್ಮ ಟ್ರಸ್ಟಿನ ಕೆಲಸ. ಟ್ರಸ್ಟಿನ ನಿಶಾಂತ್ ಏಸಿಯಲ್ಲಿ ಕೂತು ವಾಟ್ಸಾಪ್‌ನಲ್ಲಿ ಹೆಬ್ಬೆರಳು ತೋರಿಸುತ್ತಾನೆ. ಬಿಸಿಲಲ್ಲಿ ಬೇಯುವುದು ನಾನು.

ಪೆರಂಬೂರಿನ ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡೆ. ಶ್ರೀಯಾ ಫ್ಯಾನ್ ಜೋರು ಮಾಡಿ, “ಅಮ್ಮಾ, ಪೋದುಂ, ವಿಟ್ಟುಡು” ಅಂದಳು. ಸಾಕು, ಬಿಟ್ಟುಬಿಡು ಅಂತೆ. ನಾನು ಕನ್ನಡದಲ್ಲಿ ಎಷ್ಟೇ ಕೂಗಾಡಲಿ, ಮಗಳ ಉತ್ತರ ತಮಿಳಿನಲ್ಲೇ. ಜಗಳಕ್ಕೂ ತ್ರಾಣ ಇರಲಿಲ್ಲ.

ಏಪ್ರಿಲ್ 11, ಶುಕ್ರವಾರ

ಅಣ್ಣಾ ನಗರ್. ನಮ್ಮ ಸಮಾಜದ ಭವನ. ಅಪ್ಪಾಜಿ ಅದರ ಅಧ್ಯಕ್ಷರು. ಅವ್ವ ತೀರಿಕೊಂಡ ಮೇಲೆ ಅಲ್ಲಿನ ವರಾಂಡದಲ್ಲಿ ಅವಳ ಹೆಸರಿನಲ್ಲಿ ಅರವಟ್ಟಿಗೆ ಇಡಿಸಿದರು. ಫಿಲ್ಟರ್ ಇರುವ ದೊಡ್ಡ ಸ್ಟೀಲ್ ಕೂಲರ್, ಪಕ್ಕದಲ್ಲಿ ಫಳಫಳ ತಂಬಿಗೆಗಳು. ಮೇಲೆ ಬೋರ್ಡು — ಶ್ರೀಮತಿ ಗಿರಿಜಾದೇವಿ ಸ್ಮರಣಾರ್ಥ. ಕನ್ನಡದಲ್ಲೂ ತಮಿಳಿನಲ್ಲೂ.

ಟ್ರಸ್ಟಿನ ನಿಯಮದ ಪ್ರಕಾರ ಮೊದಲು ನಾನು ಕುಡಿಯಬೇಕು. ಆಮೇಲೆ ಸ್ವಲ್ಪ ಹೊತ್ತು ದೂರ ನಿಂತು ಬೇರೆಯವರು ಕುಡಿಯುವುದನ್ನು ನೋಡಬೇಕು. ಒಬ್ಬರನ್ನಾದರೂ ಮಾತಾಡಿಸಬೇಕು. ಕುಡಿದೆ. ನಿಲ್ಲಲಿಲ್ಲ. ನಮ್ಮದೇ ಜಾಗ, ದಾಸೋಹದ ಮನೆ, ಅಲ್ಲಿ ಪತ್ತೇದಾರಿ ಮಾಡುವುದೇನು? ಆ್ಯಪ್ ಕೇಳಿತು, ‘ಎಲ್ಲರಿಗೂ ಮುಕ್ತವೇ?’ — ಹೌದು. ಹಸಿರು.

ಅಪ್ಪಾಜಿಗೆ ತೋರಿಸಿದೆ. ಕನ್ನಡಕ ಏರಿಸಿ, ಫೋನು ಮೂಗಿನ ಹತ್ತಿರ ತಂದು ನೋಡಿದರು. ಅಲ್ಲಿದ್ದವರನ್ನೆಲ್ಲ ಕರೆದರು. “ನೋಡ್ರಿ, ನಮ್ಮ ಗಿರಿಜಾನ ಹೆಸರು ಮ್ಯಾಪಿನ್ಯಾಗ ಬಂದೈತಿ!” ಕಣ್ಣು ಒದ್ದೆ.

ಏಪ್ರಿಲ್ 24, ಗುರುವಾರ

ಅಣ್ಣಾ ನಗರ್‌ನಲ್ಲೇ ಸುಮತಿಯ ಪರಿಚಯವಾಯಿತು. ಅಲ್ಲಿನ ಬೀದಿ ಗುಡಿಸುವ ಕಾಂಟ್ರಾಕ್ಟ್ ಕೆಲಸದವಳು. ಮರದ ಬುಡದಲ್ಲಿ ಸೊಂಟ ಹಿಡಿದು ಕೂತಿದ್ದಳು. ಕಿಡ್ನಿಯಲ್ಲಿ ಕಲ್ಲಂತೆ. ಒಳ್ಳೆಯ ನೀರು ಚೆನ್ನಾಗಿ ಕುಡಿ ಎಂದು ಡಾಕ್ಟರ್ ಹೇಳಿದ್ದಾರೆ. ಮನೆಯಿಂದ ತಂದ ಬಾಟಲ್ ಬಿಸಿಲೇರುವುದರೊಳಗೆ ಖಾಲಿ. ಆಮೇಲೆ ನಾಲಿಗೆ ಒಣಗಿಸಿಕೊಂಡು ಕೂರುವುದೇ.

ಮ್ಯಾಪ್ ತೆಗೆದೆ. ಭವನ ಅಲ್ಲಿಂದ ಕೂಗಳತೆ. “ಇಲ್ಲಿಗೆ ಹೋಗಮ್ಮ, ಎಷ್ಟು ಬೇಕಾದರೂ ಕುಡಿ, ನಮ್ಮ ಅಮ್ಮನ ಹೆಸರಲ್ಲಿ ಇಟ್ಟಿರುವುದು” ಎಂದು ತಮಿಳಿನಲ್ಲಿ ಹೇಳಿದೆ.

“ಉಂಗ ಅಮ್ಮಾವಾ ಅಕ್ಕಾ?” ಅಂದಳು. ನಿಮ್ಮ ಅಮ್ಮನಾ ಎಂದು ನಕ್ಕಳು. ಬಾಟಲ್ ಎತ್ತಿಕೊಂಡು ಹೊರಟೇಬಿಟ್ಟಳು.

ಖುಷಿಯಾಯಿತು. ಇಷ್ಟು ದಿನ ಅಲೆದದ್ದಕ್ಕೆ ಒಬ್ಬಳಿಗಾದರೂ ನೀರು ಸಿಕ್ಕಿತು.

ಮೇ 8, ಗುರುವಾರ

ಕತ್ತರಿ ಬಿಸಿಲು, ಇಲ್ಲಿನ ಮೇ ತಿಂಗಳ ಉರಿ. ಹದಿನೈದು ದಿನದಿಂದ ಈ ಡೈರಿ ತೆರೆದಿರಲಿಲ್ಲ. ಬರೆಯಲು ಕೈ ಬರಲಿಲ್ಲ, ಅಷ್ಟೇ.

ಸುಮತಿ ಮರದ ಹತ್ತಿರ ಕಾಣಲಿಲ್ಲ. ಜೊತೆಯವಳನ್ನು ಕೇಳಿದರೆ, ನೋವು ಜಾಸ್ತಿಯಾಗಿ ಆಸ್ಪತ್ರೆ ಸೇರಿದ್ದಾಳೆ ಅಂದಳು. ಹೋದೆ. ಕೈಗೆ ಡ್ರಿಪ್. ಮುಖ ಸಣ್ಣದಾಗಿದೆ. ನೀರು ಕುಡಿಯುತ್ತಿರಲಿಲ್ಲವಾ ಎಂದು ಗದರಿದೆ. ಗದರಿದೆನಲ್ಲ...

ಮೆಲ್ಲಗೆ ಅಂದಳು, “ಅಂದ ತಣ್ಣಿ ಉಪ್ಪುಕ್ಕಾ.”

ಆ ನೀರು ಉಪ್ಪಾ? ಫಿಲ್ಟರ್ ನೀರಮ್ಮಾ ಅದು! ತಬ್ಬಿಬ್ಬಾಗಿ ನನ್ನನ್ನೇ ನೋಡಿದಳು. ಆಮೇಲೆ ಬಿಡಿಸಿ ಹೇಳಿದಳು. ಮೊದಲ ದಿನವೇ ವಾಚ್‌ಮನ್ ಅವಳನ್ನು ಗೇಟಿನಲ್ಲಿ ತಡೆದ. ಪಕ್ಕದ ಸಂದಿಯಲ್ಲಿ ಕಸದ ಡಬ್ಬದ ಹತ್ತಿರ ಒಂದು ನಲ್ಲಿ ಇದೆ — ನಿಮಗೆಲ್ಲ ಅಲ್ಲಿ, ಎಂದು ಕೋಲಿನಿಂದ ತೋರಿಸಿದ. ಬೋರ್ ನೀರು. ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬರಬರುತ್ತ ಕುಡಿಯುವುದನ್ನೇ ಕಡಿಮೆ ಮಾಡಿದಳು.

ನನಗೆ ಯಾಕೆ ಹೇಳಲಿಲ್ಲ ಅಂದೆ.

“ನಿಮ್ಮ ಅಮ್ಮನದು ಅಂದ್ರಲ್ಲಕ್ಕಾ. ಚೆನ್ನಾಗಿಲ್ಲ ಅಂತ ಹೇಗೆ ಹೇಳಲಿ?”

ಮೆಟ್ಟಿಲಿಳಿದು ಹೊರಗೆ ಬಂದೆ. ನಾಚಿಕೆ. ಬೇರೆ ಮಾತಿಲ್ಲ.

ಮೇ 9, ಶುಕ್ರವಾರ. ಮಧ್ಯಾಹ್ನ

ಏಪ್ರಿಲ್‌ನಲ್ಲಿ ಮಾಡಬೇಕಾಗಿದ್ದನ್ನು ಇವತ್ತು ಮಾಡಿದೆ. ಭವನದ ಎದುರುಗಡೆ ಅಂಗಡಿಯ ನೆರಳಲ್ಲಿ ನಿಂತೆ.

ಇನ್‌ಷರ್ಟ್ ಮಾಡಿಕೊಂಡವನೊಬ್ಬ ಬಂದ. ತಂಬಿಗೆ. ಮಗು ಎತ್ತಿಕೊಂಡ ಹೆಂಗಸು, ಒಳ್ಳೆ ಸೀರೆ. ತಂಬಿಗೆ. ಊಟದ ಡೆಲಿವರಿಯವನು ಹೆಲ್ಮೆಟ್ ತೆಗೆಯುತ್ತ ಬಂದ. ಸಂದಿಗೆ. ಗುಡಿಸುವ ಹೆಂಗಸರು ಬಂದರು. ಅವರಿಗೆ ಯಾರೂ ತೋರಿಸಲೇ ಇಲ್ಲ, ತಾವೇ ಸಂದಿಗೆ ತಿರುಗಿದರು.

ನಾನು ಹೋದೆ. “ವಾಂಗಮ್ಮಾ, ವಾಂಗ”, ಬನ್ನಿ ಬನ್ನಿ ಎಂದು ವಾಚ್‌ಮನ್ ಓಡಿಬಂದು ತಂಬಿಗೆ ಹಿಡಿದ. ಹೀಗೆ ಮಾಡು ಎಂದು ಯಾರು ಹೇಳಿದ್ದು? ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಯ್ಯಾದಾಂ” ಅಂದ. ಅಯ್ಯನೇ ಅಂತೆ. ಅಯ್ಯ ಎಂದರೆ ನಮ್ಮಪ್ಪ.

ಸಂದಿಯ ನೀರು ಬಾಯಿಗೆ ಹಾಕಿಕೊಂಡೆ. ಉಗಿದೆ.

ಮೇ 10, ಶನಿವಾರ

ಅಪ್ಪಾಜಿಯ ಹತ್ತಿರ ಹೋಗಿದ್ದೆ. ಮಾತು ಹೇಗೆ ತೆಗೆಯಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ದಂಡ. ಬಾಗಿಲಲ್ಲೇ ಬಾಯಿಬಿಟ್ಟೆ.

“ಅಪ್ಪಾಜಿ, ಆ ಸಂದ್ಯಾಗಿನ ನೀರು ನೀವು ಒಮ್ಮೆರ ಕುಡದೀರೇನು?”

“ನಾ ಯಾಕ ಕುಡೀಲಿ? ಅದು ಅವರಿಗೆ ಇಟ್ಟಿದ್ದು.”

“ಅವರು ಅಂದ್ರ?”

“ಮುಂಜಾನೆಯಿಂದ ಕಸದಾಗ ಕೈ ಹಾಕಿರ್ತಾರವ್ವಾ. ಅದ ತಂಬಿಗಿ ಅವರೂ ಮುಟ್ಟಿದ್ರ ಪೂಜಾಕ್ಕ ಬಂದಾವ್ರು ಕುಡೀತಾರೇನು? ಕಮಿಟಿಯಾವ್ರು ಸುಮ್ಮನಿರ್ತಾರೇನು? ನಾ ಯಾರಿಗೂ ನೀರಿಲ್ಲ ಅಂದಿಲ್ಲ, ದಾಕ್ಷಾಯಿಣಿ. ಅವರಿಗಂತ ಬ್ಯಾರೆ ನಳಾನ ಹಾಕಿಸೇನಿ!”

ಅಷ್ಟು ಹೆಮ್ಮೆಯಿಂದ ಹೇಳಿದರು. ಅದೇ ನನ್ನನ್ನು ಸುಟ್ಟಿತು. ದಿನಾ ಲಿಂಗಪೂಜೆ ಮಾಡುವವರು, ಎಲ್ಲರೂ ಒಂದೇ ಎನ್ನುವ ವಚನಗಳನ್ನು ಹಾಡಿಸಿ ನನ್ನನ್ನು ಬೆಳೆಸಿದವರು. ಸುಮತಿಯ ವಿಷಯ ಹೇಳಿದೆ. ನಾನು ಅವರ ಎದುರಿಗೇ ಫೋನ್ ತೆಗೆದು ಹಸಿರನ್ನು ಕೆಂಪು ಮಾಡಿದೆ.

“ನಿಮ್ಮವ್ವನ ಹೆಸರಿಗೆ ಕೆಂಪು ಹಚ್ಚತೀ?”

“ಅವ್ವ ಯಾರನ್ನೂ ಸಂದಿಗೆ ಕಳಿಸಿದಾಕಿ ಅಲ್ಲರಿ.”

ಎದ್ದು ಒಳಗೆ ಹೋದರು. ಚಹಾ ಕುಡಿ ಎಂದೂ ಅನ್ನಲಿಲ್ಲ.

ಬಸ್ಸಿನಲ್ಲಿದ್ದಾಗ ನಿಶಾಂತ್ ಮೆಸೇಜ್ — ಆರ್ ಯು ಶ್ಯೂರ್, ಮೇಡಮ್? ಯೆಸ್, ಎಂದು ಹಾಕಿ ಕಣ್ಣು ಮುಚ್ಚಿಕೊಂಡೆ.

ಮೇ 19, ಸೋಮವಾರ

ಅಪ್ಪಾಜಿ ನನ್ನ ಫೋನ್ ಎತ್ತುತ್ತಿಲ್ಲ. ಶ್ರೀಯಾ ಮಾಡಿದರೆ ಎತ್ತುತ್ತಾರೆ, ನಗುನಗುತ್ತ ಮಾತಾಡುತ್ತಾರೆ. ನನ್ನ ಸುದ್ದಿ ಬಂದರೆ ಲೈನ್ ಸರಿಯಿಲ್ಲವಂತೆ.

ಪೆರಂಬೂರಿನ ಸುತ್ತ ನಡೆದೆ. ವರ್ಕ್‌ಶಾಪ್ ಗೋಡೆಯ ಪಕ್ಕ ಒಂದು ನಲ್ಲಿ. ಒಳ್ಳೆಯ ನೀರು. ನಿಂತು ನೋಡಿದೆ, ಎಲ್ಲರೂ ಕುಡಿದರು. ಹಸಿರು. ಏನೂ ಅನ್ನಿಸಲಿಲ್ಲ. ದಣಿದಿದ್ದೇನೆ.

ಮೇ 23, ಶುಕ್ರವಾರ

ಅಪ್ಪಾಜಿಯೇ ಫೋನ್ ಮಾಡಿದರು! ಹೇಗಿದ್ದೀ ಎಂದು ಕೇಳಲಿಲ್ಲ, ನೇರ ವಿಷಯಕ್ಕೆ ಬಂದರು. ಸಂದಿಗೆ ಹೋಗಿ ಆ ನೀರು ಕುಡಿದು ನೋಡಿದರಂತೆ. ನಲ್ಲಿ ಕೀಳಿಸಿದ್ದಾರಂತೆ. ಕಮಿಟಿಯವರು ಜಗಳ ಮಾಡಿದ್ದಕ್ಕೆ, ವಾಚ್‌ಮನ್ ಇನ್ನು ಗೇಟಿನಲ್ಲಿರಲಿ, ನೀರಿನ ಹತ್ತಿರ ನಾನೇ ಕೂರುತ್ತೇನೆ ಎಂದು ವರಾಂಡದಲ್ಲಿ ಕುರ್ಚಿ ಹಾಕಿಕೊಂಡಿದ್ದಾರೆ. ಈ ಬಿಸಿಲಲ್ಲಿ, ಆ ವಯಸ್ಸಿನಲ್ಲಿ.

“ಆ ಸುಮತಿ ಅರಾಮಾಗಿ ಬಂದ ಮ್ಯಾಲೆ ಕರಕೊಂಡು ಬಾರವ್ವಾ. ನನ್ನ ಕೈಲೆ ನೀರು ಕೊಡ್ತೀನಿ. ಆಮ್ಯಾಲೆ ಅದನ್ನ ಹಸರು ಮಾಡು.”

ಆಗಲಿ ಅಂದೆ. ಫೋನ್ ಇಟ್ಟು ಅತ್ತುಬಿಟ್ಟೆ.

ಮೇ 26, ಸೋಮವಾರ. ಮಧ್ಯಾಹ್ನ

ಸುಮತಿ ಕೆಲಸಕ್ಕೆ ಬಂದಿದ್ದಾಳೆ. ಓಡಿದಂತೆಯೇ ಹೋದೆ. ಎಲ್ಲ ಹೇಳಿದೆ — ನಲ್ಲಿ ಕಿತ್ತದ್ದು, ಕುರ್ಚಿ, ಅಪ್ಪಾಜಿ ಕಾಯುತ್ತಿರುವುದು. ಪೊರಕೆ ಊರಿ ನಿಂತು ಕೇಳಿದಳು. ಕಸದ ಗಾಡಿಗೆ ದೊಡ್ಡ ಕ್ಯಾನ್ ನೇತುಹಾಕಿದ್ದಾಳೆ, ಮನೆಯಿಂದ ತುಂಬಿಸಿ ತಂದದ್ದು. ದಿನವಿಡೀ ಅದನ್ನು ತಳ್ಳಿಕೊಂಡು ತಿರುಗಬೇಕು.

“ನಾನ್ ವರಲಕ್ಕಾ” ಅಂದಳು. ಬರುವುದಿಲ್ಲ.

ವಯಸ್ಸಾದವರು, ತಪ್ಪು ಗೊತ್ತಾಗಿದೆ, ಒಂದೇ ಸಲ ಬಾ ಎಂದು ಗೋಗರೆದೆ. ಸಿಟ್ಟೇನೂ ಮಾಡಿಕೊಳ್ಳಲಿಲ್ಲ.

“ಅವರು ಕೊಡ್ತಾರೆ, ನೀವು ನೋಡ್ತೀರಿ, ವಾಚ್‌ಮನ್ ನೋಡ್ತಾನೆ. ಎಲ್ಲರ ಎದುರಿಗೆ ನಾನು ಕುಡೀಬೇಕು. ವೇಂಡಾಂಕ್ಕಾ, ಬೇಡ. ಬೇರೆಯವರು ಹೋಗಿ ಕುಡೀತಾರಲ್ಲ, ಅಷ್ಟು ಸಾಕು.”

ಸಿಟ್ಟು ಬಂದದ್ದು ನನಗೆ. ಇಷ್ಟು ಮಾಡಿದರೂ ಇವಳಿಗೆ ಕೊಬ್ಬು ಎಂದುಕೊಂಡೆ. ನಾನೇ, ಹಾಗೆ ಅಂದುಕೊಂಡೆ. ಅಪ್ಪನ ಮನಸ್ಸು ಹಗುರಾಗಲೆಂದು, ಅವ್ವನ ಚುಕ್ಕೆ ಹಸಿರಾಗಲೆಂದು ಅವಳು ಬಾಯಾರಿಕೆ ಇಲ್ಲದಿದ್ದರೂ ಕುಡಿಯಬೇಕೆಂದು ಕೇಳುತ್ತಿದ್ದೆ. ಅಲ್ಲಿಂದ ಬಂದು ಈ ಬಸ್ ಸ್ಟಾಪಿನಲ್ಲಿ ಕೂತಿದ್ದೇನೆ.

ಡೆಲಿವರಿಯವರು ಈಗ ವರಾಂಡದಲ್ಲೇ ಕುಡಿಯುತ್ತಿದ್ದಾರೆ, ದೂರದಿಂದ ನಾನೇ ನೋಡಿದೆ. ನಿಯಮದ ಪ್ರಕಾರ ಇವತ್ತೇ ಹಸಿರು ಮಾಡಬಹುದು. ಕೈ ಏಳುತ್ತಿಲ್ಲ.

ಅಪ್ಪಾಜಿ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ, ನಾನು ಎತ್ತಿಲ್ಲ. ಶ್ರೀಯಾ ಮೆಸೇಜ್ ಹಾಕಿದ್ದಾಳೆ, ತಾತ ಊಟಕ್ಕೂ ಎದ್ದಿಲ್ಲವಂತೆ, ಆಕಿ ಬಂದು ಹ್ವಾದ್ರ ಹ್ಯಾಂಗ ಅಂತ.

ಮತ್ತೆ ರಿಂಗಾಗುತ್ತಿದೆ. ಈ ಸಲ ಎತ್ತಲೇಬೇಕು. ಬರುವುದಿಲ್ಲವಂತೆ ಎಂದು ಹೇಳಬೇಕು. ಯಾಕ ಅಂತವ್ವಾ ಎಂದು ಕೇಳಿದರೆ —